‘ಡಬಲ್ಸ್ ತಾನೇ?’ ಅನ್ನೋದನ್ನ ಇನ್ನಾದರೂ ಬಿಡಿ

ಟೆನಿಸ್ ಆಟಗಾರ ರೋಹನ್ ಬೋಪಣ್ಣ 2025ರ ನವೆಂಬರ್‌ನಲ್ಲಿ ನಿವೃತ್ತಿ ಹೇಳಿದರು. ಅವರ ಮಾತು ಬಂದಾಗಲೆಲ್ಲ ಅದೇ ಹಳೇ ರಾಗ. ಈಗಷ್ಟೇ ಒಂದು ಪೋಸ್ಟ್ ಕೆಳಗೆ ಮತ್ತೆ ಓದಿದೆ: ‘ಸಿಂಗಲ್ಸ್‌ನಲ್ಲಿ 213ನೇ ರ್ಯಾಂಕ್‌ಗಿಂತ ಮೇಲೆ ಹೋಗಲಿಲ್ಲ, ಗೆದ್ದಿದ್ದು ಡಬಲ್ಸ್ ತಾನೇ?’ ಮೈ ಉರಿದುಹೋಯಿತು.

ಇಬ್ಬರಿದ್ದರೆ ಕೆಲಸ ಅರ್ಧ ಅನ್ನೋದು ಶುದ್ಧ ತಪ್ಪು ಲೆಕ್ಕ. ಕೋರ್ಟಿನ ಅಗಲ 27 ಅಡಿಯಿಂದ 36 ಅಡಿ ಆಗುತ್ತೆ, ಸರಿ. ಆದರೆ ಎದುರಿಗೆ ಒಬ್ಬ ನೆಟ್ ಹತ್ತಿರವೇ ಕಾದಿರ್ತಾನಲ್ಲ! ರಿಟರ್ನ್, ಅಂದರೆ ಸರ್ವ್‌ಗೆ ಕೊಡೋ ಮರುಹೊಡೆತ, ಒಂಚೂರು ಎತ್ತರಕ್ಕೆ ಹೋಯಿತೋ, ಅಡ್ಡ ನುಗ್ಗಿ ಬಡಿದುಬಿಡ್ತಾನೆ. ಚೆಂಡು ನೆಟ್ ದಾಟಿದ ಕೂಡಲೇ ಇಳಿಯಬೇಕು, ಸರ್ವ್ ಮಾಡಿ ಮುಂದೆ ಓಡಿಬರೋನ ಕಾಲಬುಡಕ್ಕೇ ಬೀಳಬೇಕು. ಆಗ ಅವನು ಬಗ್ಗಿ ಮೇಲಕ್ಕೆತ್ತಲೇಬೇಕು, ಪಾಯಿಂಟ್ ನಮ್ಮ ಕೈಗೆ ಬರೋದು ಅಲ್ಲಿ. ಸರ್ವ್ ಕೂಡ ಬರೀ ಜೋರಿದ್ದರೆ ಸಾಲದು. ಸರ್ವ್ ಬಾಕ್ಸಿನ ಗೆರೆಗಳು ಸೇರೋ ಮಧ್ಯದ ‘ಟಿ’ಗೆ ಬಿದ್ದರೆ ರಿಟರ್ನ್‌ಗೆ ಕೋನ ಸಿಗಲ್ಲ, ಜೊತೆಗಾರ ಧೈರ್ಯವಾಗಿ ಅಡ್ಡ ಹೋಗಬಹುದು. ಹೊರಗಡೆ ಹಾಕಿದರೆ ಗೆರೆಪಕ್ಕದ ದಾರಿ ಕಾಯೋದು ಅವನ ಪಾಲಿಗೆ ಬರುತ್ತೆ.

ಪುರುಷರ ವೃತ್ತಿಪರ ಸರಣಿಯಾದ ಎಟಿಪಿ ಟೂರ್‌ನ ಡಬಲ್ಸ್‌ನಲ್ಲಿ 40–40 ಆದರೆ ಒಂದೇ ಪಾಯಿಂಟಿಗೆ ಗೇಮ್ ಮುಗೀತು, ಎರಡು ಪಾಯಿಂಟ್ ಮುನ್ನಡೆ ಕೇಳೋ ಅಡ್ವಾಂಟೇಜ್ ಇಲ್ಲ. ಯಾವ ಕಡೆಯಿಂದ ರಿಟರ್ನ್ ಅನ್ನೋದನ್ನ ರಿಟರ್ನ್ ಮಾಡೋ ಜೋಡಿಯೇ ಆರಿಸುತ್ತೆ. ಸೆಟ್ 1–1 ಆದರೆ ಮೂರನೇ ಸೆಟ್ ಬದಲು 10 ಪಾಯಿಂಟಿನ ಟೈಬ್ರೇಕ್. ಒಂದು ಡಬಲ್ ಫಾಲ್ಟ್‌ಗೆ, ಅಂದರೆ ಎರಡೂ ಸರ್ವ್ ತಪ್ಪಿದ್ದಕ್ಕೆ, ಪಂದ್ಯವೇ ಜಾರಿಹೋಗಬಹುದು. ಇಂಥ ಆಟದಲ್ಲಿ 43ನೇ ವಯಸ್ಸಿಗೆ, ಮಂಡಿಯ ಕಾರ್ಟಿಲೇಜ್ ಸವೆದ ಮೇಲೆ, ಅಯ್ಯಂಗಾರ್ ಯೋಗದಿಂದ ಕಾಲು ಗಟ್ಟಿ ಮಾಡಿಕೊಂಡು ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದವರು ನಮ್ಮ ಕೊಡಗಿನ ಬೋಪಣ್ಣ. ಅಷ್ಟು ವಯಸ್ಸಿಗೆ ಮೊದಲ ಸಲ ಆ ಸ್ಥಾನಕ್ಕೇರಿದವರು ಬೇರೆ ಯಾರೂ ಇಲ್ಲ. 2024ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಮ್ಯಾಥ್ಯೂ ಎಬ್ಡೆನ್ ಅವರನ್ನ ಜೊತೆಗಾರನಾಗಿ ಇಟ್ಟುಕೊಂಡು ಮೊದಲ ಸೆಟ್ಟಿನ ಟೈಬ್ರೇಕ್ ಗೆದ್ದಿದ್ದು 7–0. ಎದುರಾಳಿಗೆ ಒಂದೇ ಒಂದು ಪಾಯಿಂಟ್ ಕೊಡಲಿಲ್ಲ!

‘ದೊಡ್ಡ ಸಿಂಗಲ್ಸ್ ಆಟಗಾರರು ಡಬಲ್ಸ್ ಆಡಲ್ಲ, ಅದಕ್ಕೇ ಇವರು ಗೆಲ್ತಾರೆ’ ಅಂತಾರೆ. ಆಡಿಸಿಯೂ ನೋಡಿದ್ದಾಯಿತು. 2025ರ ಯುಎಸ್ ಓಪನ್‌ನಲ್ಲಿ ಗಂಡು–ಹೆಣ್ಣು ಜೋಡಿಯಾಗಿ ಆಡೋ ಮಿಕ್ಸೆಡ್ ಡಬಲ್ಸ್‌ಗೆ ಸಿಂಗಲ್ಸ್ ತಾರೆಯರನ್ನೇ ತುಂಬಿದರು. ಕಪ್ ಎತ್ತಿದ್ದು ಡಬಲ್ಸ್ ಪರಿಣಿತರಾದ ಎರಾನಿ–ವವಸೋರಿ, ಫೈನಲ್‌ನಲ್ಲಿ ಸೋತಿದ್ದು ಸಿಂಗಲ್ಸ್ ತಾರೆಯರಾದ ಶ್ವಿಯಾಂಟೆಕ್–ರೂಡ್. ಆ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ಬೋಪಣ್ಣ–ಎಬ್ಡೆನ್ ಎದುರು ಸೋತ ಜೋಡಿಯಲ್ಲಿ ಒಬ್ಬ ಇದೇ ವವಸೋರಿ.

ಇನ್ನು ಸಿಂಗಲ್ಸ್ ವಿಷಯ. 2010ರಲ್ಲಿ ಚೆನ್ನೈನಲ್ಲಿ ಬ್ರೆಜಿಲ್ ವಿರುದ್ಧ ಡೇವಿಸ್ ಕಪ್, ಅಂದರೆ ದೇಶ–ದೇಶಗಳ ತಂಡದ ಟೂರ್ನಿ, ಐದು ಪಂದ್ಯಗಳಲ್ಲಿ ಭಾರತ 0–2 ಹಿಂದಿತ್ತು. ಅಲ್ಲಿಂದ 2–2 ಆಗಿ, ಎಲ್ಲ ಭಾರ ಐದನೇ ಪಂದ್ಯದ ಮೇಲೆ ಬಿತ್ತು. ರಿಕಾರ್ಡೊ ಮೆಲೊ ಅವರನ್ನ ನೇರ ಸೆಟ್‌ಗಳಲ್ಲಿ ಸೋಲಿಸಿ ಗೆಲ್ಲಿಸಿದ್ದು ಬೋಪಣ್ಣ. ಅದು ಸಿಂಗಲ್ಸ್ ಪಂದ್ಯ.