ಬಸುರಿ ತೇಗಿದರೆ ಪಂಕ್ತಿಗೇನು ನಷ್ಟ?

ಚಿಂತಾಮಣಿಯ ಛತ್ರವೊಂದರಲ್ಲಿ ಸೀಮಂತದ ಊಟ ಮುಗಿಸಿ ಈಗಷ್ಟೇ ಮನೆಗೆ ಬಂದಿದ್ದೇನೆ. ಒಬ್ಬಟ್ಟು ಚೆನ್ನಾಗಿತ್ತು, ಹಿತಕಿದವರೆಕಾಳಿನ ಸಾರು ಅದಕ್ಕಿಂತ ಚೆನ್ನಾಗಿತ್ತು. ಆದರೆ ಉಂಡದ್ದು ಮೈಗೆ ಹತ್ತದಷ್ಟು ಸಿಟ್ಟು ಬಂದಿದೆ. ಯಾರ ಹೆಸರಿನಲ್ಲಿ ನಾವೆಲ್ಲ ಅಲ್ಲಿ ಎಲೆಯ ಮುಂದೆ ಕುಳಿತಿದ್ದೆವೋ ಆ ಬಸುರಿ ಹುಡುಗಿಯೇ ಮೊಸರನ್ನದ ಹೊತ್ತಿಗೆ ಒಂದು ಸಣ್ಣ ತೇಗು ತೇಗಿದಳು. ಪಕ್ಕದಲ್ಲಿದ್ದ ಗಂಡನ ಮನೆಯ ಹಿರಿಯರೊಬ್ಬರು, "ಏನಮ್ಮಾ ಇದು, ಎದುರಿಗೆ ಗಂಡಸರು ಕೂತವ್ರೆ, ಸ್ವಲ್ಪ ನೋಡ್ಕೋಬಾರ್ದಾ?" ಎಂದು ಗದರಿದರು. ಹುಡುಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು. ಅದಾಗಿ ಸ್ವಲ್ಪ ಹೊತ್ತಿಗೆ ಎದುರು ಪಂಕ್ತಿಯ ಯಜಮಾನರೊಬ್ಬರು ಬೆಲ್ಟು ಸಡಿಲಿಸಿಕೊಂಡು, ತಲೆಯ ಮೇಲಿನ ಫ್ಯಾನಿನ ಸದ್ದೂ ಅಡಗುವಂತೆ ತೇಗಿದರು. ಬಡಿಸುತ್ತಿದ್ದವನು ನಗುತ್ತಾ, "ಅಡುಗೆಯವರಿಗೆ ಹೇಳ್ತೀನಿ ಬಿಡಣ್ಣಾ, ಖುಷಿ ಪಡ್ತಾರೆ" ಎಂದ. ಗದರಿದ ಹಿರಿಯರೂ ನಕ್ಕರು.

ನನ್ನ ಜೀವಶಾಸ್ತ್ರದ ತರಗತಿಯಲ್ಲಿ ಕಪ್ಪೆಯ ಹೊಟ್ಟೆ ಬಿಚ್ಚಿದ ಹಳೆಯ ವಿದ್ಯಾರ್ಥಿಗಳು ಇದನ್ನು ಓದುವವರಲ್ಲಿ ಅನೇಕರಿರುವುದರಿಂದ ಪಾಠವನ್ನು ಚಿಕ್ಕದಾಗಿಯೇ ಮುಗಿಸುತ್ತೇನೆ. ನಾವು ಪ್ರತಿ ತುತ್ತಿನ ಜೊತೆಗೂ, ಪ್ರತಿ ಗುಟುಕಿನ ಜೊತೆಗೂ ಒಂದಿಷ್ಟು ಗಾಳಿಯನ್ನು ನುಂಗುತ್ತೇವೆ. ಆ ಗಾಳಿ ಜಠರದ ಮೇಲ್ಭಾಗದಲ್ಲಿ ಸೇರಿ ಅದರ ಗೋಡೆಯನ್ನು ಹಿಗ್ಗಿಸಿದಾಗ ನರಗಳ ಮೂಲಕ ಸೂಚನೆ ಹೋಗಿ, ಜಠರಕ್ಕೂ ಅನ್ನನಾಳಕ್ಕೂ ನಡುವಿನ ಸ್ನಾಯು ಕೆಲವು ಕ್ಷಣ ಸಡಿಲಗೊಳ್ಳುತ್ತದೆ; ಗಾಳಿ ಮೇಲೇರುತ್ತದೆ, ಗಂಟಲಿನ ಬುಡದಲ್ಲಿರುವ ಇನ್ನೊಂದು ಸ್ನಾಯು ತೆರೆದು ದಾರಿ ಬಿಡುತ್ತದೆ, ಆ ಬಾಗಿಲಿನ ಕಂಪನವೇ ನಮಗೆ ಕೇಳಿಸುವ ಸದ್ದು. ಇದರಲ್ಲಿ ಗಂಡಸಿಗೆ ಬೇರೆ, ಹೆಂಗಸಿಗೆ ಬೇರೆ ಏರ್ಪಾಡಿಲ್ಲ. ಬಸುರಿಯಲ್ಲಿ ಮಾತ್ರ ಒಂದು ವ್ಯತ್ಯಾಸವಿದೆ: ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಹೆಚ್ಚಿ ಆ ಕೆಳಗಿನ ಸ್ನಾಯುವನ್ನು ಇನ್ನಷ್ಟು ಸಡಿಲಗೊಳಿಸುತ್ತದೆ, ಬೆಳೆಯುತ್ತಿರುವ ಗರ್ಭಕೋಶ ಕೆಳಗಿನಿಂದ ಜಠರವನ್ನು ಒತ್ತುತ್ತದೆ. ಅಂದರೆ ಇಡೀ ಛತ್ರದಲ್ಲಿ ತೇಗಲು ಎಲ್ಲರಿಗಿಂತ ಹೆಚ್ಚು ಕಾರಣವಿದ್ದವಳು ಆ ಹುಡುಗಿ, ಬೈಗುಳ ತಿಂದವಳೂ ಅವಳೇ.

ಇನ್ನು ಗಾಳಿ ಯಾರು ಹೆಚ್ಚು ನುಂಗುತ್ತಾರೆ ಎಂಬುದನ್ನು ನೋಡೋಣ. ಗಬಗಬನೆ ತಿನ್ನುವವರು, ತಿನ್ನುತ್ತಾ ಮಾತನಾಡುವವರು, ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳುವವರು. ನಮ್ಮ ಕಡೆಯ ಮನೆಗಳಲ್ಲಿ ಎಲ್ಲರಿಗೂ ಬಿಸಿ ಮುದ್ದೆ ಬಡಿಸಿ, ಸಾರು ಮತ್ತೆ ಕೇಳಿದವರಿಗೆ ಮತ್ತೆ ಹಾಕಿ, ಕೊನೆಗೆ ಆರಿದ ಮುದ್ದೆಯನ್ನು ಒಲೆಯ ಪಕ್ಕದಲ್ಲಿ ಅವಸರವಾಗಿ ನುಂಗುವವರು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಅವಸರದಲ್ಲಿ ನುಂಗಿಸುವವರೂ ನಾವೇ, ತೇಗಬೇಡ ಎನ್ನುವವರೂ ನಾವೇ. ನನ್ನದೇ ಸಂಗತಿ ಹೇಳುವುದಾದರೆ, ಮದುವೆಯಾದ ಹೊಸತರಲ್ಲಿ ನಾನು ಊಟವಾದ ಮೇಲೆ ಹಿತ್ತಲಿನ ಬಚ್ಚಲಿಗೆ ಹೋಗಿ, ಬಿಂದಿಗೆಗೆ ನೀರು ಬಿಟ್ಟು, ಆ ಸದ್ದಿನಲ್ಲಿ ತೇಗಿ ಬರುತ್ತಿದ್ದೆ. ಆಗ ನಾನು ಕಾಲೇಜಿನಲ್ಲಿ ಜೀರ್ಣಾಂಗವ್ಯೂಹವನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದವಳು! ಇದನ್ನು ನನ್ನ ಯಜಮಾನರು ಈ ಬರಹದಲ್ಲಿಯೇ ಮೊದಲ ಸಲ ಓದುತ್ತಾರೆ.

ಹಾಗೆಂದು ಪಂಕ್ತಿಯಲ್ಲಿ ಎಲ್ಲರೂ ಬಾಯಿ ತೆರೆದು ತೇಗುತ್ತಾ ಕುಳಿತರೆ ಪಕ್ಕದವರಿಗೆ ಅಸಹ್ಯವಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ, ಒಪ್ಪುತ್ತೇನೆ. ಗಾಳಿ ಹೊರಬರಬೇಕು, ಸದ್ದು ಹೊರಬರಲೇಬೇಕೆಂಬ ನಿಯಮವೇನೂ ಇಲ್ಲ; ತುಟಿ ಮುಚ್ಚಿ, ಮುಖವನ್ನು ಒಂದಿಷ್ಟು ಆಚೆ ತಿರುಗಿಸಿದರೆ ಮುಕ್ಕಾಲು ಪಾಲು ಅಸಹ್ಯ ಅಲ್ಲಿಗೆ ಮುಗಿಯಿತು. ಆದರೆ ಅಸಹ್ಯದ ಈ ವಾದವನ್ನು ನಾನು ಗಂಭೀರವಾಗಿ ಪರಿಗಣಿಸಬೇಕಾದರೆ ಅದು ಮೊದಲು ಬೆಲ್ಟು ಸಡಿಲಿಸಿಕೊಂಡವರ ಎಲೆಯ ಮುಂದೆ ಹೋಗಿ ನಿಲ್ಲಬೇಕು. ಅಲ್ಲಿಗೆ ಹೋದದ್ದನ್ನು ನಾನು ಈವರೆಗೆ ಕಂಡಿಲ್ಲ. ಹುಡುಗಿ ಮಾಡಿದ್ದು ಬಾಯಿ ಮುಚ್ಚಿದ ತೇಗು, ಯಜಮಾನರು ಮಾಡಿದ್ದು ಪ್ರದರ್ಶನ. ಶಿಷ್ಟಾಚಾರದ ಪಾಠವಾಗಿದ್ದು ಮಾತ್ರ ಹುಡುಗಿಗೆ.

ವಿಚಿತ್ರವೆಂದರೆ, ಇನ್ನೆರಡು ತಿಂಗಳಲ್ಲಿ ಅದೇ ಹಿರಿಯರು ಅದೇ ಹುಡುಗಿಯ ಮಗುವನ್ನು ಹೆಗಲಿಗೆ ಹಾಕಿಕೊಂಡು, ಹಾಲು ಕುಡಿದ ಮೇಲೆ ಬೆನ್ನು ತಟ್ಟುತ್ತಾ, ಒಂದು ತೇಗು ಬರಲೆಂದು ಕಾಯುತ್ತಾರೆ, ಬಂದರೆ "ಬಂತು ನೋಡು ನನ್ನ ಬಂಗಾರ!" ಎಂದು ಕುಣಿಯುತ್ತಾರೆ. ಹಟ್ಟಿಯಲ್ಲಿಯೂ ಹಾಗೆಯೇ. ಕೋಲಾರ, ಚಿಕ್ಕಬಳ್ಳಾಪುರ ಹಾಲಿನ ಸೀಮೆ. ಒಂದು ದೊಡ್ಡ ಸೀಮೆಹಸು ದಿನಕ್ಕೆ ಸುಮಾರು 250ರಿಂದ 500 ಲೀಟರಿನಷ್ಟು ಮೀಥೇನನ್ನು ಹೊರಬಿಡುತ್ತದೆ, ಅದರ ಬಹುಪಾಲು ಹೋಗುವುದು ಬಾಲದ ಕಡೆಯಿಂದಲ್ಲ, ತೇಗಿನ ಮೂಲಕ. ಎಳೆಯ ಕುದುರೆಮಸಾಲೆ ಸೊಪ್ಪನ್ನು ಹೊಟ್ಟೆ ತುಂಬ ಮೇಯ್ದ ಹಸುವಿನ ಮೊದಲ ಹೊಟ್ಟೆಯಲ್ಲಿ ನೊರೆ ಕಟ್ಟಿ ತೇಗು ನಿಂತುಹೋದರೆ ಎಡಪಕ್ಕೆ ತಮಟೆಯಂತೆ ಬಿಗಿದುಕೊಳ್ಳುತ್ತದೆ. ಸಕಾಲಕ್ಕೆ ಪಶುವೈದ್ಯರು ಬಂದು ಗಾಳಿ ತೆಗೆಯದಿದ್ದರೆ ಹಸು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಹಸು ತೇಗದಿದ್ದರೆ ರಾತ್ರಿಯೆಲ್ಲ ನಿದ್ದೆಗೆಡುವ ಮನೆಯಲ್ಲಿಯೇ ಸೊಸೆ ತೇಗಿದರೆ ಮಾನ ಹೋಗುತ್ತದೆ.

ಸಂಪ್ರದಾಯದ ಮಾತು ತೆಗೆಯುವವರಿಗೆ ಸಂಪ್ರದಾಯದಿಂದಲೇ ಉತ್ತರವಿದೆ. ಚರಕ ಸಂಹಿತೆಯ ಸೂತ್ರಸ್ಥಾನದ 7ನೇ ಅಧ್ಯಾಯ ತಡೆಹಿಡಿಯಬಾರದ 13 ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು, ಹೇಳುತ್ತದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರುಗಳ ಸಾಲಿನಲ್ಲಿ ತೇಗೂ ಇದೆ. ಅದನ್ನು ತಡೆದರೆ ಬಿಕ್ಕಳಿಕೆ, ಉಬ್ಬಸ, ಅರುಚಿ, ನಡುಕ, ಎದೆ ಕಟ್ಟಿದಂತಾಗುವುದು ಉಂಟಾಗುತ್ತದೆ ಎಂಬುದು ಅಲ್ಲಿಯ ಮಾತು. ಈ ಪಟ್ಟಿಯನ್ನೆಲ್ಲ ಇಂದಿನ ವೈದ್ಯರು ಹಾಗೆಯೇ ಒಪ್ಪಬೇಕೆಂದು ನಾನು ವಾದಿಸುತ್ತಿಲ್ಲ. ಆದರೆ "ಗಂಡಸರು ಮಾತ್ರ ತಡೆಯಬಾರದು" ಎಂಬ ಷರತ್ತನ್ನು ಅದರಲ್ಲಿ ಹುಡುಕಿದರೂ ಸಿಗುವುದಿಲ್ಲ.

ತೇಗಲು ಆಗದೇ ಇರುವವರ ಪಾಡೇನು ಎಂಬುದಕ್ಕೂ ಸಾಕ್ಷಿ ಇದೆ. 2019ರಲ್ಲಿ ಅಮೆರಿಕದ ಗಂಟಲು ತಜ್ಞ ರಾಬರ್ಟ್ ಬಾಸ್ಟಿಯನ್ ಮತ್ತವರ ಸಹೋದ್ಯೋಗಿ, ತೇಗಲಾಗದ 51 ರೋಗಿಗಳ ವಿವರವನ್ನು ಪ್ರಕಟಿಸಿದರು. ಗಂಟಲಿನ ಬುಡದ ಸ್ನಾಯು ಹಿಮ್ಮುಖವಾಗಿ ತೆರೆಯಲು ಒಪ್ಪದ ಕಾರಣ ಅವರಿಗೆ ಹೊಟ್ಟೆಯುಬ್ಬರ, ಎದೆಯೊಳಗೆ ಗೊಳಗೊಳ ಸದ್ದು, ಮತ್ತು ಮೇಲೆ ಹೋಗದ ಗಾಳಿ ಕೆಳಗೆ ಹೋಗುವ ಕಷ್ಟ. ಆ ಸ್ನಾಯುವಿಗೆ, ಅದನ್ನು ಸಡಿಲಗೊಳಿಸುವ ಬೊಟುಲಿನಮ್ ಟಾಕ್ಸಿನ್ ಚುಚ್ಚುಮದ್ದು ಕೊಟ್ಟ ಮೇಲೆ ಅವರು ತೇಗತೊಡಗಿದರು. ದುಡ್ಡು ಕೊಟ್ಟು ಚುಚ್ಚಿಸಿಕೊಂಡು ಪಡೆಯುವ ವಸ್ತುವನ್ನು ನಾವು ಪುಕ್ಕಟೆ ಪಡೆದು ಸೆರಗಿನಿಂದ ಮುಚ್ಚುತ್ತಿದ್ದೇವೆ. ಗಿನ್ನೆಸ್ ದಾಖಲೆಯವರಾದರೂ ಉದಾರಿಗಳು: 2021ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಶಾರ್ಪ್ 112.4 ಡೆಸಿಬಲ್ ತೇಗಿದರೆ, 2023ರಲ್ಲಿ ಅಮೆರಿಕದ ಕಿಂಬರ್ಲಿ ವಿಂಟರ್ 107.3 ಡೆಸಿಬಲ್ ತೇಗಿ ಹೆಂಗಸರ ದಾಖಲೆ ಬರೆದರು. ನಮ್ಮ ಕಡೆ ಹುಟ್ಟಿದ್ದರೆ ಆಕೆಗೆ ಗಂಡು ಸಿಗುತ್ತಿರಲಿಲ್ಲ.

ಹಾಗಾದರೆ ಬೇಡದ ತೇಗೇ ಇಲ್ಲವೇ? ಇದೆ. ಹೊಟ್ಟೆ ಸವರಿಕೊಂಡು "ಗ್ಯಾಸ್ಟ್ರಿಕ್ ಕಣ್ರೀ" ಎನ್ನುತ್ತಾ ನಿಮಿಷಕ್ಕೊಮ್ಮೆ ತೇಗುವವರನ್ನು ನೀವೆಲ್ಲ ಬಲ್ಲಿರಿ. ಅದರಲ್ಲಿ ಹಲವರ ಗಾಳಿ ಜಠರದಿಂದ ಬಂದದ್ದೇ ಅಲ್ಲ. ತಮಗೇ ಅರಿವಿಲ್ಲದೆ ಅನ್ನನಾಳಕ್ಕೆ ಎಳೆದುಕೊಂಡ ಗಾಳಿಯನ್ನು ಮರುಕ್ಷಣವೇ ಹೊರಹಾಕುವ ಅಭ್ಯಾಸ ಅದು. ನಿದ್ದೆಯಲ್ಲಿ ಅದು ಇರುವುದಿಲ್ಲ, ಮಾತಿನಲ್ಲಿ ಮುಳುಗಿದಾಗಲೂ ಬಹುಮಟ್ಟಿಗೆ ನಿಲ್ಲುತ್ತದೆ. ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವುದನ್ನು ಕಲಿತರೆ ಕಡಿಮೆಯೂ ಆಗುತ್ತದೆ. ನಾನು ಕಂಡಂತೆ, ಇಂಥ ಬೇಡದ ತೇಗಿಗೆ ನಮ್ಮಲ್ಲಿ ಸಹಾನುಭೂತಿ, ಜೀರಿಗೆ ನೀರು, ವಾಲಿಕೊಳ್ಳಲು ದಿಂಬು. ಬೇಕಾದ ತೇಗಿಗೆ ಗದರಿಕೆ.

ತೇಗಿನ ಜೊತೆ ನುಂಗಲು ಕಷ್ಟವಾಗುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಅದು ಪಂಕ್ತಿಯ ವಿಷಯವಲ್ಲ, ವೈದ್ಯರ ವಿಷಯ. ಮನೆಯ ಹೆಂಗಸರ ಬಗ್ಗೆ ಇನ್ನೊಂದು ಮಾತು ನೆನಪಿರಲಿ: ಅವರಿಗೆ ಹೃದಯಾಘಾತವಾದಾಗ ಎದೆ ಹಿಂಡುವ ನೋವು ಕೆಲವೊಮ್ಮೆ ಇರುವುದೇ ಇಲ್ಲ, ಹೊಟ್ಟೆಯ ಮೇಲ್ಭಾಗದ ಸಂಕಟ, ವಾಕರಿಕೆ, ಬೆವರು, ವಿಪರೀತ ಸುಸ್ತು ಮಾತ್ರ ಕಾಣಿಸಬಹುದು. ತೇಗನ್ನೂ ಬಚ್ಚಿಟ್ಟುಕೊಂಡು ಬೆಳೆದವಳು ಅದನ್ನೂ ಗ್ಯಾಸ್ ಎಂದೇ ಹೇಳಿ ಮಲಗಿಬಿಡುತ್ತಾಳೆ. ಅಂಥ ಹೊತ್ತಿನಲ್ಲಿ ಸೋಡಾ ತರಿಸಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ಮಾಡಿಸಿ.