ರಜೆಗೆ ಮುನ್ನ ಹೇಳಬೇಕಾದ ಮಾತು

ವರಮಹಾಲಕ್ಷ್ಮಿ ಹಬ್ಬದ ಸಂಜೆ ಜಯನಗರದ ನೆಂಟರ ಮನೆಯಲ್ಲಿ ನಾನು ಲಂಡನ್ನಿನ ಸಂಗತಿಯೊಂದನ್ನು ಪ್ರಸ್ತಾಪಿಸಿದೆ: ಬೇಸಿಗೆ ರಜೆಗೆ ಮುಂಚೆ ಮಗಳ ಶಾಲೆಯವರು ತಂದೆತಾಯಂದಿರನ್ನು ಕರೆದು ಸ್ತ್ರೀ ಜನನಾಂಗ ಛೇದನದ, ಅಂದರೆ ವೈದ್ಯಕೀಯ ಕಾರಣವಿಲ್ಲದೆ ಹೆಣ್ಣುಮಕ್ಕಳ ಹೊರ ಜನನಾಂಗವನ್ನು ಕತ್ತರಿಸುವ ಪದ್ಧತಿಯ, ಬಗ್ಗೆ ತಿಳಿಹೇಳಿದ್ದರು. "ಕುಂಕುಮಕ್ಕೆ ಬಂದವರ ಎದುರು ಇಂಥ ಮಾತೇ?" ಎಂದು ಹಿರಿಯರೊಬ್ಬರು ಗದರಿದರು, ಉಳಿದವರು ಸೀರೆಯ ಮಾತಿಗೆ ಹೊರಳಿಕೊಂಡರು.

ಶಾಲೆಯ ಆ ಸಭೆಯಲ್ಲಿ ಮಾತನಾಡಿದವರು ಸೊಮಾಲಿಯಾ ಮೂಲದ ನರ್ಸ್. ಬಟ್ಟೆಯಲ್ಲಿ ಹೊಲಿದ ಮಾದರಿಯನ್ನು ಮೇಜಿನ ಮೇಲಿಟ್ಟು, ಎಲ್ಲಿ ಕತ್ತರಿಸುತ್ತಾರೆ, ಅದರಿಂದ ರಕ್ತಸ್ರಾವ, ಮೂತ್ರದ ಸೋಂಕು, ಹೆರಿಗೆಯ ತೊಡಕುಗಳು ಹೇಗೆ ಉಂಟಾಗುತ್ತವೆ ಎಂಬುದನ್ನು ಲಸಿಕೆಯ ವಿಷಯ ಹೇಳುವಷ್ಟೇ ಸಹಜವಾಗಿ ವಿವರಿಸಿದರು. ಹುಡುಗಿಯರನ್ನು ರಜೆಯಲ್ಲಿ ಮೂಲ ದೇಶಕ್ಕೆ ಕರೆದೊಯ್ದು ಕತ್ತರಿಸಿದರೆ ಶಾಲೆ ತೆರೆಯುವಷ್ಟರಲ್ಲಿ ಗಾಯ ಮಾಗಿರುತ್ತದೆ; ಆದ್ದರಿಂದಲೇ ಆ ಮಾತು ರಜೆಗೆ ಮುನ್ನ.

ಬೆಂಗಳೂರಿನಲ್ಲಿ ಇದನ್ನು ಆಫ್ರಿಕಾದ ಸಮಸ್ಯೆಯೆಂದು ತಳ್ಳಿಹಾಕುತ್ತಾರೆ. ಆದರೆ ನಮ್ಮ ದೇಶದಲ್ಲೇ ಶಿಯಾ ಮುಸ್ಲಿಮರ ಒಂದು ಪಂಗಡವಾದ ದಾವೂದಿ ಬೊಹ್ರಾ ಸಮುದಾಯದ ಅನೇಕ ಮಹಿಳೆಯರು, ಏಳರ ಆಸುಪಾಸಿನ ವಯಸ್ಸಿನಲ್ಲಿ ಅಜ್ಜಿಯೋ ಸೋದರತ್ತೆಯೋ ಏನೋ ನೆಪ ಹೇಳಿ ತಮ್ಮನ್ನು ಖತ್ನಾಕ್ಕೆ (ಈ ಛೇದನಕ್ಕೆ ಅವರಲ್ಲಿರುವ ಹೆಸರು) ಕರೆದೊಯ್ದದ್ದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. 2017ರಲ್ಲಿ ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಒಳಗಿನವರೇ ಇಷ್ಟು ಧೈರ್ಯ ತೋರಿರುವಾಗ ಹೊರಗಿನ ನಾವು ಮುಜುಗರವನ್ನು ಮರ್ಯಾದೆಯೆಂದುಕೊಂಡು ಸುಮ್ಮನಿರುವುದು ನನಗೆ ಸಹಿಸಲಾಗದ ಸಂಗತಿ.

ಮಾತಿನಿಂದ ಏನಾದೀತು ಎನ್ನುವವರು ಸೆನೆಗಲ್ ದೇಶದ ಮಲಿಕುಂಡಾ ಬಂಬಾರಾ ಹಳ್ಳಿಯನ್ನು ನೋಡಬೇಕು. ಆರೋಗ್ಯ ಮತ್ತು ಹಕ್ಕುಗಳ ಪಾಠ ಕಲಿತ ಅಲ್ಲಿನ ಹೆಂಗಸರು, 1997ರಲ್ಲಿ, ಈ ಪದ್ಧತಿಯನ್ನು ಒಟ್ಟಾಗಿ ಬಿಡುವುದಾಗಿ ಸಾರಿದರು. ಒಂದೇ ಮನೆಯವರು ಬಿಟ್ಟರೆ ಮಗಳಿಗೆ ಗಂಡು ಸಿಗದೆಂಬ ಭಯವಿರುತ್ತದೆ. ಊರೇ ಬಿಟ್ಟರೆ ಆ ಭಯಕ್ಕೆ ಆಧಾರವೇ ಉಳಿಯುವುದಿಲ್ಲ.

ಬ್ರಿಟನ್ನನ್ನು ಅತಿಯಾಗಿ ಹೊಗಳುವಂತಿಲ್ಲ, ನಿಜ. ಅಲ್ಲಿ 1985ರಲ್ಲೇ ನಿಷೇಧ ಬಂದರೂ ಮೊದಲ ಅಪರಾಧಿಗೆ ಶಿಕ್ಷೆಯಾದದ್ದು 2019ರಲ್ಲಿ. ನಮ್ಮ ನಾಡಿಗೂ ಈ ಕೆಲಸ ಗೊತ್ತಿಲ್ಲದ್ದಲ್ಲ: ದೇವದಾಸಿ ನಿಷೇಧದ ಕಾಯ್ದೆ 1982ರಲ್ಲೇ ಆಗಿದ್ದರೂ, ಬೆಳಗಾವಿ ಸೀಮೆಯಲ್ಲಿ ಮಾಜಿ ದೇವದಾಸಿಯರೇ ಸಂಘ ಕಟ್ಟಿಕೊಂಡು, ಮಗಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡಬೇಡಿರೆಂದು ತಾಯಂದಿರ ಮನವೊಲಿಸಿದ್ದನ್ನು ನಾನು ಒಪ್ಪಲೇಬೇಕು. ಹಾಗಾದರೆ ರಾಜಧಾನಿಗೇಕೆ ಈ ಹಿಂಜರಿಕೆ? ಬೆಂಗಳೂರಿನ ಶಾಲೆಗಳು ಏಪ್ರಿಲ್ ರಜೆಗೆ ಮುಂಚಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಯನ್ನು ಬದಿಗಿಟ್ಟು ಅರ್ಧ ಗಂಟೆ ಇದಕ್ಕೆ ಕೊಡಲಿ, ಮಾತನಾಡಲು ಬೊಹ್ರಾ ಮಹಿಳೆಯರನ್ನೇ ಕರೆಯಲಿ, ಅಪ್ಪಂದಿರನ್ನೂ ಕೂರಿಸಿಕೊಳ್ಳಲಿ.