ಪರ-ವಿರೋಧ: ಕೊಯ್ಯುವ ಮುನ್ನ ಕೋಳಿಯನ್ನು ಉಪವಾಸ ಕೆಡವಬೇಕೆ?

ಪರ

ಕೋಳಿ ಕೊಯ್ಯುವ ಮುನ್ನ 8ರಿಂದ 12 ಗಂಟೆ ಮೇವು ನಿಲ್ಲಿಸಬೇಕು ಎಂದು ವಾದಿಸುವ ಸರದಿ ನನ್ನದು. ಯಾವ ಜೀವವನ್ನೂ ಹಸಿವಿನಲ್ಲಿಡುವುದು ನನಗೆ ಹಿತವಾದ ಮಾತಲ್ಲ. ಆದರೂ ಒಂದು ಕಾರಣ ಮಿಕ್ಕೆಲ್ಲಕ್ಕಿಂತ ದೊಡ್ಡದು: ಮಾಂಸದ ಶುಚಿ.

ತಿಂದ ಕೋಳಿಯ ಕತ್ತಿನ ಬುಡದ ಚೀಲದಲ್ಲಿ ಮೇವು ತುಂಬಿರುತ್ತದೆ, ಕರುಳಿನಲ್ಲಿ ಹಿಕ್ಕೆ. ಕರುಳು ತೆಗೆಯುವಾಗ ಒಂದು ಕಡೆ ಹರಿದರೂ ಸಾಲ್ಮೊನೆಲ್ಲ, ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗ ತರುವ ಬ್ಯಾಕ್ಟೀರಿಯಗಳು ಮಾಂಸಕ್ಕೆ ಮೆತ್ತಿಕೊಳ್ಳುತ್ತವೆ. ಅದೇ ನೀರು, ಅದೇ ಕೈ ಮುಂದಿನ ಕೋಳಿಗೂ ತಾಗುತ್ತದೆ. ತೊಳೆದರೆ ಹೋಗುತ್ತದಲ್ಲ ಎನ್ನುತ್ತಾರೆ. ಗರಿ ಕಿತ್ತ ಗುಳಿಗಳಲ್ಲಿ ಸೇರಿಕೊಂಡದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಹೊಟ್ಟೆ ಖಾಲಿಯಿದ್ದರೆ ಈ ಅಪಾಯ ತಾನಾಗಿ ತಗ್ಗುತ್ತದೆ. ಶುಚಿಯೊಂದೇ ಸಾಕು ಈ ಪದ್ಧತಿಯನ್ನು ಉಳಿಸಿಕೊಳ್ಳಲು.

ಸ್ನಾಯು ಸೊರಗುತ್ತದೆ ಎಂಬ ದೂರಿದೆ. ಎದೆಯ ಸ್ನಾಯು ಬಹುಪಾಲು ಬಿಳಿ ಎಳೆಗಳದ್ದು. ತನ್ನ ಗ್ಲೈಕೋಜೆನ್ನನ್ನು, ಅಂದರೆ ಕೂಡಿಟ್ಟ ಸಕ್ಕರೆಯನ್ನು, ಬೇಗ ಬಿಟ್ಟುಕೊಡುವುದಿಲ್ಲ. ಕೋಳಿಯ ರಕ್ತದಲ್ಲಿ ಡೆಸಿಲೀಟರಿಗೆ 200 ಮಿಲಿಗ್ರಾಂ ಮೀರಿದ ಸಕ್ಕರೆ ಇರುತ್ತದೆ, ಒಂದು ರಾತ್ರಿಯ ಉಪವಾಸಕ್ಕೆ ಅದು ಕುಸಿದು ಬೀಳುವುದಿಲ್ಲ. ನೀರನ್ನಂತೂ ಹಿಡಿಯುವ ಗಳಿಗೆಯ ತನಕ ತೆಗೆಯಬಾರದು.

ಯೂರೋಪ್ ಒಕ್ಕೂಟದ 2007ರ ನಿರ್ದೇಶನವೂ ಮೇವು ನಿಲ್ಲಿಸಲು 12 ಗಂಟೆಯ ಮಿತಿ ಹಾಕಿದೆ. ಅದನ್ನು ದಾಟಿದ ಉಪವಾಸವನ್ನು ನಾನೂ ಸಮರ್ಥಿಸಲಾರೆ. ಕರುಳಿನ ಗೋಡೆ ಬಲ ಕಳೆದುಕೊಂಡು ಮುಟ್ಟಿದಲ್ಲಿ ಹರಿಯತೊಡಗುತ್ತದೆ. ಆಗ ನನ್ನ ಶುಚಿಯ ವಾದವೂ ನಿಲ್ಲುವುದಿಲ್ಲ.

ವಿರೋಧ

ವಿದ್ಯಾರ್ಥಿಯಾಗಿದ್ದಾಗ ಒಂದು ಪ್ರಯೋಗ ಮಾಡಿದ್ದೆವು. ಒಂದು ಹೊಟ್ಟೆತುಂಬ ತಿಂದಿದ್ದ ಕೋಳಿ, ಇನ್ನೊಂದು ರಾತ್ರಿಯಿಡೀ ಮೇವು ಕಾಣದ್ದು. ಎರಡರ ಯಕೃತ್ತನ್ನೂ ಬೇರೆಬೇರೆ ಅರೆದು, ಸೋಸಿ, ಗಾಜಿನ ಕೊಳವೆಗಳಿಗೆ ಹಾಕಿ ಅಯೋಡಿನ್ ಹನಿಸಿದೆವು. ಗ್ಲೈಕೋಜೆನ್ ಇದ್ದರೆ ಅಯೋಡಿನ್ ಕಂದುಗೆಂಪಾಗುತ್ತದೆ. ತಿಂದಿದ್ದರ ಕೊಳವೆ ನೋಡನೋಡುತ್ತಲೇ ಕಂದುಗೆಂಪಿಗೆ ತಿರುಗಿತು. ಉಪವಾಸದ್ದು ಅಯೋಡಿನ್ನಿನ ಹಳದಿಯಲ್ಲೇ ಉಳಿಯಿತು. ಅಲ್ಲಾಡಿಸಿದೆ, ಬೆಳಕಿಗೆ ಹಿಡಿದೆ, ತಪ್ಪು ನನ್ನದೇ ಇರಬೇಕೆಂದು ಇನ್ನೆರಡು ಹನಿ ಹಾಕಿದೆ. ಹಳದಿಯೇ. ಆ ಒಂದು ರಾತ್ರಿಯಲ್ಲಿ ಯಕೃತ್ತು ತನ್ನ ಗ್ಲೈಕೋಜೆನ್ನಿನ ಕಣಜವನ್ನು ಗುಡಿಸಿಬಿಟ್ಟಿತ್ತು. ಉಪವಾಸ ಅನ್ನುವ ಮಾತು ಬಂದಾಗಲೆಲ್ಲ ನನಗೆ ಆ ಕೊಳವೆ ನೆನಪಾಗುತ್ತದೆ.

ಕಣಜ ಖಾಲಿಯಾದ ಮೇಲೆ ಬದುಕು ಹೇಗೆ ನಡೆಯುತ್ತದೆ? ಸಕ್ಕರೆ ಕೂಡಿಡಿಸುವ ಇನ್ಸುಲಿನ್ ತಗ್ಗಿ, ಕೂಡಿಟ್ಟದ್ದನ್ನು ಹೊರತೆಗೆಸುವ ಗ್ಲುಕಗಾನ್ ಏರುತ್ತದೆ. ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ, ಸ್ನಾಯು ಸಕ್ಕರೆಯನ್ನು ಬಿಟ್ಟು ಕೊಬ್ಬಿನಾಮ್ಲಗಳನ್ನು ಸುಡತೊಡಗುತ್ತದೆ. ಯಕೃತ್ತು ಸಕ್ಕರೆ ಒಡೆದಾಗ ಉಳಿಯುವ ಲ್ಯಾಕ್ಟೇಟನ್ನು ಆಯ್ದು ಮತ್ತೆ ಸಕ್ಕರೆ ಮಾಡುತ್ತದೆ, ಮೂತ್ರಪಿಂಡ ಅಮೈನೋ ಆಮ್ಲಗಳಿಂದ ಮಾಡುತ್ತದೆ. ಹಸಿವು ಇನ್ನೂ ಮುಂದುವರಿದರೆ ಆ ಅಮೈನೋ ಆಮ್ಲ ಬರುವುದು ಸ್ನಾಯುವಿನ ಪ್ರೋಟೀನು ಮುರಿದು. ರಕ್ತದ ಸಕ್ಕರೆ ಕುಸಿಯುವುದಿಲ್ಲ ಎಂದು ನೆಮ್ಮದಿಪಡುವವರು ಇದನ್ನೂ ಹೇಳಬೇಕು: ಕುಸಿಯದಂತೆ ಹಿಡಿದಿಡಲು ಕೋಳಿ ತೆರುತ್ತಿರುವುದು ತನ್ನದೇ ಮೈಯನ್ನು. ಮೇವು ತೆಗೆದ ಮೇಲೆ ಗಂಟೆಗೆ ಸರಿಸುಮಾರು ಶೇ 0.2ರಿಂದ 0.5ರಷ್ಟು ತೂಕ ಇಳಿಯುತ್ತದೆ. ಮೊದಮೊದಲು ಅದು ಹೊಟ್ಟೆಯೊಳಗಿನದು ಹೊರಹೋದ ತೂಕ. ಆಮೇಲಿನದು ಮೈಯಿಂದ ಇಳಿದದ್ದು.

ಎದೆಯ ಸ್ನಾಯು ಗಟ್ಟಿ, ಒಪ್ಪಿದೆ. ಕೋಳಿ ನಿಲ್ಲುವುದು ಕಾಲಿನ ಮೇಲೆ. ಗೂಡಿನೊಳಗೆ ಒತ್ತಾಗಿ ತುಂಬಿದ, ಓಲಾಡುವ ಲಾರಿಯಲ್ಲಿ ಬೀಳದಂತೆ ಇಡೀ ದಾರಿ ದುಡಿಯುವುದು ತೊಡೆ. ಅಲ್ಲಿ ಕೆಂಪು ಎಳೆಗಳು ಹೆಚ್ಚು, ಗ್ಲೈಕೋಜೆನ್ ಎದೆಗಿಂತ ಮೊದಲೇ ಕರಗುತ್ತದೆ. ಸತ್ತ ಮೇಲೆ ಇದರ ಲೆಕ್ಕ ಮಾಂಸದಲ್ಲಿ ಕಾಣಿಸುತ್ತದೆ. ಗ್ಲೈಕೋಜೆನ್ ಇದ್ದರೆ ತಾನೇ ಅದು ಲ್ಯಾಕ್ಟಿಕ್ ಆಮ್ಲವಾಗಿ ಪಿಎಚ್ (ಹುಳಿ ಹೆಚ್ಚಿದಷ್ಟೂ ತಗ್ಗುವ ಅಳತೆ) ಇಳಿಯುವುದು? 7ರ ಆಸುಪಾಸಿನಿಂದ 6ರ ಕೆಳಗೆ ಇಳಿಯಬೇಕಾದದ್ದು ಮೇಲೆಯೇ ನಿಂತರೆ ಮಾಂಸ ಕಪ್ಪಿಟ್ಟು ಗಡಸಾಗುತ್ತದೆ, ಆಮ್ಲ ಸಾಲದ್ದರಿಂದ ಬೇಗ ಕೆಡುತ್ತದೆ. ಶುಚಿ ಶುಚಿ ಎಂದು ಹೊರಟವರು ಇದಕ್ಕೆ ಏನನ್ನುತ್ತಾರೆ?

ಅವರ ಮಾತು ಕೇಳಿದರೆ ಹೊಟ್ಟೆಯಲ್ಲಿ ನಾಲ್ಕು ಕಾಳಿರುವ ಕೋಳಿಯೆಲ್ಲ ರೋಗದ ಮೂಟೆ. ಕರುಳು ತೆಗೆಯುವ ಯಂತ್ರವನ್ನು ಕೋಳಿಯ ಗಾತ್ರಕ್ಕೆ ಹೊಂದಿಸಿಕೊಳ್ಳಬೇಕಾದವರು ಯಾರು, ಕೋಳಿಯೇ? ಹಸಿದ ಕೋಳಿ ಸುಮ್ಮನೆ ಕೂರುವುದೂ ಇಲ್ಲ. ನೆಲಕ್ಕೆ ಹಾಸಿದ ಹೊಟ್ಟನ್ನು, ಅದರಲ್ಲಿ ಬೆರೆತ ಹಿಕ್ಕೆಯನ್ನು ಕುಕ್ಕಿ ಕುಕ್ಕಿ ಅದೇ ಚೀಲಕ್ಕೆ ತುಂಬಿಕೊಳ್ಳುತ್ತದೆ. ಅಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಗಳು ಮೇವಿಲ್ಲದೆ ಕುಗ್ಗಿ ಹುಳಿ ಕಡಿಮೆಯಾದಾಗ ಸಾಲ್ಮೊನೆಲ್ಲಕ್ಕೇ ಜಾಗ ಸಿಗುತ್ತದೆ.

ಇನ್ನು 12 ಗಂಟೆಯ ಮಿತಿ. ಆ ನಿರ್ದೇಶನದಲ್ಲಿರುವುದು 'ನಿರೀಕ್ಷಿತ' ವಧೆಯ ಹೊತ್ತು. ಹಿಡಿಯುವ ತಂಡ ತಡವಾಗಿ ಬರುತ್ತದೆ, ಲಾರಿ ಸಾಲಿನಲ್ಲಿ ಕಾಯುತ್ತದೆ, ಯಂತ್ರ ನಿಲ್ಲುತ್ತದೆ. ಮೊದಲ ಗೂಡಿನ ಕೋಳಿಗೆ ಗಡಿಯಾರ ಹಿಡಿದರೆ ಲೆಕ್ಕ ಸರಿಯಾಗಿಯೇ ಇರುತ್ತದೆ. ಕೊನೆಯ ಗೂಡಿನ ಕೋಳಿಯ ತೊಡೆಯನ್ನು ಅರೆದು ಅಯೋಡಿನ್ ಹನಿಸಿ ನೋಡಿ, ಆಮೇಲೆ ಮಾತಾಡೋಣ.